ಮುನ್ನೂರು ಗ್ರಾಂ ಗುಂಡು: ಸೇಡಂನ ಕಥೆಗಾರರಿಗೆ ಒಂದು ಉತ್ತರ

ಮಾನ್ಯರೇ,

ನೀವು ಸೇಡಂನಿಂದ ಕಳಿಸಿದ ‘ಕಾರ್ತೂಸ್’ ಕಥೆಯನ್ನು ಓದಿದೆ. 1946ರ ಹೈದರಾಬಾದ್ ಸಂಸ್ಥಾನದಲ್ಲಿ, ಚಿಂಚೋಳಿ ಕಡೆಯ ಜಾಗೀರದಾರನೊಬ್ಬನ ಮಗ ಮಧ್ಯಮ ಬೋರಿನ (ನಳಿಗೆಯ ಒಳ ಅಗಲದ) ಬೇಟೆ ರೈಫಲ್ ಕೊಳ್ಳುತ್ತಾನೆ. ಮನೆತನದ ಬಂದೂಕುಗಳನ್ನು ನೋಡಿಕೊಳ್ಳುವ ಮಸ್ತಾನಸಾಬ ಹಾರಿಸಿ ಖಾಲಿಯಾದ ಅದರ ಹಿತ್ತಾಳೆ ಕಾಡತೂಸುಗಳಿಗೆ ಮತ್ತೆ ಮದ್ದು, ಗುಂಡುಗಳನ್ನು ಕೈಯಾರೆ ತುಂಬಿಕೊಡುತ್ತಾನೆ. ಕೊನೆಗೆ ಕುಂಚಾವರಂ ಕಾಡಿನಲ್ಲಿ ಚಿರತೆಯೊಂದು ಬೀಳುತ್ತದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ನಿಮ್ಮ ಭಾಷೆಯ ಬಗ್ಗೆ ನನಗೆ ತಕರಾರಿಲ್ಲ. ಬಂದೂಕಿನ ವಿವರಗಳು ಕಥೆಗೆ ಬೇಕೆಂದು ಬಂದಿಲ್ಲ, ಓದಿದ್ದು ವ್ಯರ್ಥವಾಗಬಾರದೆಂದು ಬಂದಿವೆ. ಅವುಗಳಲ್ಲಿ ಕೆಲವು ತಪ್ಪೂ ಆಗಿವೆ.

ನಿಮ್ಮ ನಾಯಕ ಪಾಯಿಂಟ್ 338 ವಿಂಚೆಸ್ಟರ್ ಮ್ಯಾಗ್ನಮ್ ಮತ್ತು ಪಾಯಿಂಟ್ 375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ಎಂಬ ಎರಡು ಬಗೆಯ ಕಾಡತೂಸುಗಳ ನಡುವೆ ಎರಡು ಪುಟ ತೂಗಾಡುತ್ತಾನೆ. ಮೊದಲನೆಯದು ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಎರಡನೆಯದು 1912ರದು, ಅದು ಸರಿ. ಆದರೆ ಅದರ ಗುಂಡಿನ ತೂಕ ‘ಮುನ್ನೂರು ಗ್ರಾಂ’ ಎಂದು ಬರೆದಿದ್ದೀರಿ. ಅದು ಗ್ರೇನ್. ಒಂದು ಪೌಂಡಿಗೆ 7000 ಗ್ರೇನ್, ಹಾಗಾಗಿ 300 ಗ್ರೇನ್ ಎಂದರೆ ಹತ್ತೊಂಬತ್ತೂವರೆ ಗ್ರಾಂ ಮಾತ್ರ. ಕಾಲು ಕಿಲೋಗಿಂತ ಭಾರದ ಗುಂಡನ್ನು ಹಾರಿಸುವುದು ತೋಪಿನ ಕೆಲಸ.

ಈ ತಪ್ಪುಗಳನ್ನು ನಾನೇ ತಿದ್ದಬಹುದಿತ್ತು. ಆದರೆ ನಿಮ್ಮ ನಾಯಕ ಆ ಕಾಡತೂಸನ್ನು ಏಕೆ ಆರಿಸಿದ ಎಂಬುದು ಕಥೆಯಲ್ಲಿ ಇಲ್ಲವೇ ಇಲ್ಲ, ಅದನ್ನು ನಾನು ತುಂಬಿಕೊಡಲಾರೆ. ಅವನ ತಂದೆ ಸಾಲದಲ್ಲಿದ್ದಾನೆ ಎಂದು ನೀವೇ ಹೇಳಿದ್ದೀರಿ. ಪಾಯಿಂಟ್ 375ರ ಉದ್ದನೆಯ ಕಾಡತೂಸಿಗೆ ಉದ್ದನೆಯ ಮ್ಯಾಗ್ನಮ್ ಆ್ಯಕ್ಷನ್ (ಕಾಡತೂಸನ್ನು ನಳಿಗೆಗೆ ಸೇರಿಸಿ ಹಾರಿಸುವ ಯಂತ್ರಭಾಗ) ಬೇಕು, ಅದು ದುಬಾರಿ. ಬರ್ಲಿನ್‌ನ ಬಂದೂಕುಗಾರ ಓಟೊ ಬಾಕ್ 1905ರಲ್ಲಿ ರೂಪಿಸಿದ 9.3x62 ಕಾಡತೂಸು ಸಾಮಾನ್ಯ ಮೌಸರ್ ರೈಫಲಿನ ಆ್ಯಕ್ಷನ್ನಿಗೇ ಹೊಂದುತ್ತದೆ. ಹೆಚ್ಚು ಹಣವಿಲ್ಲದ ಆಫ್ರಿಕದ ವಲಸೆ ರೈತರು ಅದನ್ನೇ ಮೆಚ್ಚಿದರು. ಅದರ 286 ಗ್ರೇನ್ ಗುಂಡು ಹದಿನೆಂಟೂವರೆ ಗ್ರಾಂ ತೂಗುತ್ತದೆ. ತೇಗದ ಮರಗಳ ನಡುವೆ ಹತ್ತಿರದಿಂದ ಹೊಡೆಯುವವನಿಗೆ ಎರಡರ ವ್ಯತ್ಯಾಸ ತಿಳಿಯುವುದೇ ಇಲ್ಲ. ಹೀಗಿರುವಾಗ ಅವನು ದುಬಾರಿಯದನ್ನೇ ಹಟ ಹಿಡಿದು ಕೊಂಡರೆ ಅಲ್ಲಿ ಒಂದು ಜಂಭವಿದೆ, ಒಂದು ಮನೆತನದ ಕುಸಿತವಿದೆ. ಅದನ್ನು ಬಿಟ್ಟು ನೀವು ನಾಲ್ಕುನೂರು ಗಜ ದೂರಕ್ಕೆ ಹೊಡೆಯುವ ಲೆಕ್ಕ ಕೊಟ್ಟಿದ್ದೀರಿ. ಕುಂಚಾವರಂನ ಪೊದೆಗಳ ನಡುವೆ ನಾಲ್ಕುನೂರು ಗಜ ಕಾಣಿಸುವುದು ಯಾರಿಗೆ?

ಇನ್ನು ಕಾಡತೂಸು ತುಂಬುವ ಪ್ರಸಂಗ. ಮಸ್ತಾನಸಾಬ ‘ಕಾರ್ಡೈಟ್ ಪುಡಿಯನ್ನು ಚಮಚದಲ್ಲಿ ಅಳೆದು’ ಸುರಿಯುತ್ತಾನೆ ಎಂದಿದ್ದೀರಿ. ಕಾರ್ಡೈಟ್ ಎಂಬ ಆ ಬ್ರಿಟಿಷ್ ಮದ್ದು ಪುಡಿಯಲ್ಲ, ಶಾವಿಗೆಯಂಥ ಎಳೆಗಳು. ಬ್ರಿಟಿಷ್ ಕಾರ್ಖಾನೆಗಳಲ್ಲಿ ಇಂಥ ಕಾಡತೂಸಿನ ಕುತ್ತಿಗೆಯನ್ನು ಕಿರಿದು ಮಾಡುವ ಮೊದಲೇ ಆ ಎಳೆಗಳ ಕಟ್ಟನ್ನು ಒಳಗಿಡುತ್ತಿದ್ದರು. ಜೊತೆಗೆ, ಅಲ್ಲಿನ ಖಾಲಿ ಕಾಡತೂಸುಗಳಿಗೆ ಬರ್ಡನ್ ಬಗೆಯ ಪ್ರೈಮರ್ (ತಳದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಸಣ್ಣ ಬಟ್ಟಲು). ತಳದ ನಡುವೆ ತೂತಿರುವುದಿಲ್ಲ, ಪಕ್ಕದಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಹಾಗಾಗಿ ಒಳಗಿನಿಂದ ಸೂಜಿ ತಳ್ಳಿ ಹಳೆಯ ಪ್ರೈಮರ್ ಬೀಳಿಸಲಾಗದು. ಹೊರಗಿನಿಂದ ಕೊಕ್ಕೆ ಹಾಕಿ ಕೀಳಬೇಕು, ಇಲ್ಲವೇ ಕಾಡತೂಸಿನಲ್ಲಿ ನೀರು ತುಂಬಿ, ಬಿಗಿಯಾದ ಕಡ್ಡಿಯಿಂದ ಒತ್ತಡ ಕೊಟ್ಟು ಹೊರದಬ್ಬಬೇಕು. ಮಸ್ತಾನಸಾಬ ನೀರಿನ ಉಪಾಯ ಮಾಡುವುದನ್ನು, ಪಕ್ಕದಲ್ಲಿ ಕುಳಿತ ಹುಡುಗನ ಮುಖಕ್ಕೆ ನೀರು ಚಿಮ್ಮುವುದನ್ನು ಬರೆಯಿರಿ, ಅವನ ಕಸುಬು ಎಂಥದೆಂದು ಓದುಗನಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಮದ್ದಿನ ಪ್ರಮಾಣವನ್ನು ಗ್ರೇನ್ ಲೆಕ್ಕದಲ್ಲಿ ಕೊಟ್ಟ ಸಾಲುಗಳನ್ನು ತೆಗೆದುಹಾಕಿ. ಒಂದು ಅಂಕಿ ಅಚ್ಚಿನಲ್ಲಿ ತಪ್ಪಿದರೂ ನಂಬಿದವನ ಕಣ್ಣು ಹೋದೀತು. ಕೊನೆಯ ಅಧ್ಯಾಯದಲ್ಲಿ ಮಸ್ತಾನಸಾಬನ ಮೊಮ್ಮಗ ಇಂದಿನ ಕಾಲದಲ್ಲಿ ಅದೇ ಕೆಲಸ ಮುಂದುವರಿಸುವುದನ್ನು ಅಭಿಮಾನದಿಂದ ಬರೆದಿದ್ದೀರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಚಿರತೆ ಬೇಟೆಯೂ ಅಪರಾಧ, ಚಿಂಚೋಳಿಯ ಕಾಡು ಈಗ ವನ್ಯಜೀವಿ ಧಾಮ. ಆ ಅಧ್ಯಾಯ ಬೇಡ.

ನಿಮ್ಮ ಹಸ್ತಪ್ರತಿಯಲ್ಲಿ ನನಗೆ ತುಂಬ ಹಿಡಿಸಿದ ಜಾಗ ಒಂದಿದೆ. ಮಸ್ತಾನಸಾಬ ಖಾಲಿ ಕಾಡತೂಸುಗಳನ್ನು ಚಾಪೆಯ ಮೇಲೆ ಸುರಿದು, ಒಂದೊಂದರ ಕುತ್ತಿಗೆಯ ಮೇಲೂ ಹೆಬ್ಬೆರಳಿನ ಉಗುರು ಎಳೆಯುತ್ತಾನೆ. ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಮಾತಿಲ್ಲದೆ ಬುಟ್ಟಿಗೆ ಎಸೆಯುತ್ತಾನೆ. ಮತ್ತೆ ಮತ್ತೆ ಹಿಗ್ಗಿ ಕುಗ್ಗಿದ ಹಿತ್ತಾಳೆ ಗಡುಸಾಗಿ ಸೀಳುವುದು ಅಲ್ಲಿಯೇ. ಇದನ್ನು ನೀವು ಕಣ್ಣಾರೆ ಕಂಡವರಿಂದ ಕೇಳಿಸಿಕೊಂಡಿರಬೇಕು. ಅವನು ‘ಬಿಸಲಾಗ ಇಡಬ್ಯಾಡ್ರಿ ಸಾಹೇಬ್ರ, ಮದ್ದಿಗಿ ಸಿಟ್ಟ ಬರ್ತದ’ ಎನ್ನುವುದೂ ನಿಜವೇ: ಕಾರ್ಡೈಟ್ ಬಿಸಿಯಾದಷ್ಟೂ ಒತ್ತಡ ಏರುತ್ತದೆ, ಅದಕ್ಕಾಗಿಯೇ ಉಷ್ಣನಾಡುಗಳಿಗೆ ಮದ್ದು ತಗ್ಗಿಸಿದ ಕಾಡತೂಸುಗಳು ತಯಾರಾಗುತ್ತಿದ್ದವು. ಆದರೆ ಈ ಮಾತನ್ನು ಆಡಿಸಿ ನೀವು ಮರೆತುಬಿಟ್ಟಿದ್ದೀರಿ. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ಎಚ್ಚರಿಕೆ ಕೇಳಿಯೂ ಕಾಡತೂಸಿನ ಪೆಟ್ಟಿಗೆಯನ್ನು ಬಂಡಿಯಲ್ಲಿ ಬಿಟ್ಟ ಜಾಗೀರದಾರನ ಮಗ ಮೊದಲ ಗುಂಡು ಹಾರಿಸುತ್ತಾನೆ, ಏರಿದ ಒತ್ತಡಕ್ಕೆ ಬೋಲ್ಟ್ (ಮುಂದಿನ ಕಾಡತೂಸು ಏರಿಸಲು ಎತ್ತಿ ಎಳೆಯುವ ಹಿಡಿಕೆಯ ಭಾಗ) ಬಿಗಿದುಕೊಂಡು ಮೇಲೇಳುವುದಿಲ್ಲ, ಚಿರತೆ ಇನ್ನೂ ಎದುರಿಗಿದೆ. ನಿಮ್ಮ ಕಥೆ ಇಲ್ಲಿದೆ ಎಂದು ನನ್ನ ಅನಿಸಿಕೆ.

ಹೋಲಿಕೆಯ ಎರಡು ಪುಟಗಳನ್ನು ಎರಡು ವಾಕ್ಯಕ್ಕೆ ಇಳಿಸಿ, ಬೋಲ್ಟ್ ಸಿಕ್ಕಿಕೊಳ್ಳುವ ಪ್ರಸಂಗವನ್ನು ಹೊಸದಾಗಿ ಬರೆದು ಕಳಿಸಿ. ದೀಪಾವಳಿಯ ಮೊದಲು ತಲುಪಿದರೆ ಮತ್ತೊಮ್ಮೆ ಓದುತ್ತೇನೆ.

ಇತಿ,
ಸಂಪಾದಕ
ಕಲಬುರಗಿ