ಅಚ್ಚಾಗಿರುವ ಫಿಂಗರಿಂಗ್ ಬದಲಾಯಿಸಬಹುದಾ? ಚಿಕ್ಕ ಕೈಗೆ ಸಂಗೀತ ಹೊಂದಿಸುವುದು ಹೇಗೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಪುಸ್ತಕದಲ್ಲಿ ಸ್ವರಗಳ ಮೇಲೆ ಅಚ್ಚಾಗಿರುವ ಬೆರಳಿನ ಅಂಕಿಗಳನ್ನು (ಹೆಬ್ಬೆರಳು 1, ಕಿರುಬೆರಳು 5), ಅಂದರೆ ಫಿಂಗರಿಂಗ್ ಅನ್ನು, ಬದಲಾಯಿಸಬಹುದಾ ಅನ್ನೋದು ಒಂದು. ಆರ್ಕೆಸ್ಟ್ರಾದ ತುಣುಕೊಂದನ್ನು ಪಿಯಾನೊಗೆ ಹೊಂದಿಸುತ್ತಿದ್ದೀರಿ, ಕೈ ಚಿಕ್ಕದು, ಎಡಗೈಯಲ್ಲಿ ಸಿ, ಜಿ, ಮೇಲಿನ ಇ ಸ್ವರಗಳಿರುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕೈಗೆ ಸಿಗುತ್ತಲೇ ಇಲ್ಲ, ಏನು ಮಾಡಲಿ ಅನ್ನೋದು ಇನ್ನೊಂದು. ನನಗೆ ಈಗ 19 ವರ್ಷ. 12 ವರ್ಷದಿಂದ ಪಿಯಾನೊ ಕಲಿಯುತ್ತಿದ್ದೇನೆ. ನನ್ನ ಕೈಯೂ ದೊಡ್ಡದಲ್ಲ. ಒಂದು ಆಕ್ಟೇವ್ (ಒಂದು ಸಿಯಿಂದ ಮುಂದಿನ ಸಿವರೆಗಿನ ದೂರ) ಅಂದರೆ ಸುಮಾರು 16.5 ಸೆಂಟಿಮೀಟರ್. ಅದು ಆರಾಮಾಗಿ ಸಿಗುತ್ತೆ, ಅದರಾಚೆಗೆ ಕಷ್ಟ. ಹಾಗಾಗಿ ಈ ಎರಡೂ ಪ್ರಶ್ನೆಗಳನ್ನು ನಾನೂ ವರ್ಷಗಟ್ಟಲೆ ಕೇಳಿಕೊಂಡಿದ್ದೇನೆ. ಈಗ ನನಗೆ ಎರಡೂ ಒಂದೇ ಅನಿಸುತ್ತೆ. ಈ ಸ್ವರ ನುಡಿಸಿದ ಮೇಲೆ ಕೈ ಎಲ್ಲಿಗೆ ಹೋಗಬೇಕು? ಎರಡರಲ್ಲೂ ಕೇಳಬೇಕಾದದ್ದು ಅದನ್ನೇ.

ಮೊದಲನೆಯದಕ್ಕೆ ಉತ್ತರ: ಬದಲಾಯಿಸಬಹುದು. ಆದರೆ ಆ ಅಂಕಿ ಬರೆದವರು ಯಾರು ಅಂತ ನೋಡಿಕೊಳ್ಳಿ. ಹೆಚ್ಚಿನ ಪುಸ್ತಕಗಳಲ್ಲಿ ಅದು ಸಂಪಾದಕರದ್ದು. ಅವರ ಕೈಗೆ ಒಗ್ಗಿದ್ದು ನಿಮ್ಮ ಕೈಗೂ ಒಗ್ಗಬೇಕು ಅಂತೇನಿಲ್ಲ. ಫ್ರೆಂಚ್ ಸಂಯೋಜಕ ಡೆಬ್ಯುಸ್ಸಿ 1915ರಲ್ಲಿ ಬರೆದ ತಮ್ಮ ಹನ್ನೆರಡು ಅಭ್ಯಾಸ ಕೃತಿಗಳಿಗೆ, ಅಂದರೆ ಎಟ್ಯೂಡ್‌ಗಳಿಗೆ ಬೆರಳಿನ ಅಂಕಿಗಳನ್ನೇ ಹಾಕಲಿಲ್ಲ. ಒಬ್ಬೊಬ್ಬರ ಕೈ ಒಂದೊಂದು ಥರ, ಅವರವರ ಬೆರಳು ಅವರವರೇ ಹುಡುಕಿಕೊಳ್ಳಲಿ ಅನ್ನುವ ಅರ್ಥದಲ್ಲಿ ಮುನ್ನುಡಿಯಲ್ಲೇ ಹೇಳಿದ್ದಾರೆ.

ಅಂಕಿ ಸಂಯೋಜಕರದ್ದೇ ಆಗಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಶೋಪ್ಯಾನ್ ಅವರ ಓಪಸ್ 10ರ ಎರಡನೇ ಎಟ್ಯೂಡ್ ನೋಡಿ. ಬಲಗೈಯ 3, 4, 5ನೇ ಬೆರಳುಗಳು ಮೇಲೆ ಕ್ರೋಮ್ಯಾಟಿಕ್ ಸಾಲನ್ನು (ಬಿಳಿ, ಕಪ್ಪು ಯಾವ ಕೀಯನ್ನೂ ಬಿಡದ ಸಾಲು) ಓಡಿಸಬೇಕು. ಹೆಬ್ಬೆರಳು, ತೋರುಬೆರಳು ಕೆಳಗೆ ಚಿಕ್ಕ ಕಾರ್ಡ್‌ಗಳನ್ನು ನುಡಿಸಬೇಕು. ಹೆಚ್ಚುಕಡಿಮೆ ಪ್ರತಿ ಸ್ವರಕ್ಕೂ ಅವರೇ ಅಂಕಿ ಬರೆದಿದ್ದಾರೆ. ಮೇಲಿನ ಸಾಲಿಗೆ ತೋರುಬೆರಳನ್ನು ಸೇರಿಸಿಕೊಂಡರೆ ಸಲೀಸಾಗುತ್ತೆ ನಿಜ. ಆದರೆ ಆ ಎಟ್ಯೂಡ್ ಬರೆದಿದ್ದೇ ಆ ಮೂರು ಬೆರಳುಗಳಿಗಾಗಿ. ಹಾಗೆ ಬದಲಾಯಿಸಿದರೆ ಉಳಿಯುವುದು ಸ್ವರಗಳು ಮಾತ್ರ.

ಸ್ಕೇಲ್‌ಗಳ (ಕ್ರಮವಾಗಿ ಏರುವ ಸ್ವರಸಾಲುಗಳ) ಫಿಂಗರಿಂಗ್ ಅನ್ನು ಬಾಯಿಪಾಠ ಮಾಡುವುದಕ್ಕಿಂತ ಅದು ಯಾಕೆ ಹಾಗಿದೆ ಅಂತ ತಿಳಿದುಕೊಂಡರೆ ಜಾಸ್ತಿ ಉಪಯೋಗ. ಸಿ ಮೇಜರ್ ಬಲಗೈಗೆ 1 2 3, ಆಮೇಲೆ 1 2 3 4 5. ಎಫ್ ಮೇಜರ್‌ಗೆ 1 2 3 4, ಆಮೇಲೆ ಮತ್ತೆ 1 2 3 4. ಯಾಕೆ ಈ ವ್ಯತ್ಯಾಸ? ಎಫ್ ಮೇಜರ್‌ನ ನಾಲ್ಕನೇ ಸ್ವರ ಬಿ ಫ್ಲ್ಯಾಟ್, ಅದು ಕಪ್ಪು ಕೀ. ಮೂರನೇ ಬೆರಳಾದ ಮೇಲೆ ಹೆಬ್ಬೆರಳನ್ನು ತಂದರೆ ಅದು ಸರಿಯಾಗಿ ಕಪ್ಪು ಕೀ ಮೇಲೇ ಬೀಳುತ್ತೆ. ಹೆಬ್ಬೆರಳು ಗಿಡ್ಡ. ಅದು ಅಲ್ಲಿಗೆ ಹೋಗಬೇಕಾದರೆ ಇಡೀ ಕೈ ಒಳಕ್ಕೆ ಜರುಗಬೇಕು. ಅದಕ್ಕೇ ಉಂಗುರ ಬೆರಳು ಬಿ ಫ್ಲ್ಯಾಟ್‌ಗೆ, ಹೆಬ್ಬೆರಳು ಅದರ ಮುಂದಿನ ಸಿಗೆ. ಉದ್ದ ಬೆರಳಿಗೆ ಕಪ್ಪು ಕೀ, ಗಿಡ್ಡ ಬೆರಳಿಗೆ ಬಿಳಿ ಕೀ. ಶೋಪ್ಯಾನ್ ಶಿಷ್ಯರಿಗೆ ಮೊದಲು ಹೇಳಿಕೊಡುತ್ತಿದ್ದುದು ಸಿ ಮೇಜರ್ ಅಲ್ಲ, ಬಿ ಮೇಜರ್. ಅಲ್ಲಿ ಉದ್ದ ಬೆರಳುಗಳು ತಾವಾಗಿಯೇ ಕಪ್ಪು ಕೀಗಳ ಮೇಲೆ ಕೂರುತ್ತವೆ. ಓದಲು ಸುಲಭವಾದ ಸಿ ಮೇಜರ್ ಕೈಗೆ ಸುಲಭವಲ್ಲ. ಇದು ಗೊತ್ತಾದ ದಿನ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ!

ಇನ್ನು ಹೊಸ ಸಾಲಿಗೆ ಬೆರಳು ಹುಡುಕುವುದು ಹೇಗೆ? ನಾನು ಕೊನೆಯಿಂದ ಹಿಂದಕ್ಕೆ ಬರುತ್ತೇನೆ. ಸಾಲು ಮೇಲಿನ ಜಿಯಲ್ಲಿ ಮುಗಿದು ಅಲ್ಲೇ ಒಂದು ಕಾರ್ಡ್ ಬರುತ್ತದೆ ಅಂದುಕೊಳ್ಳಿ. ಆ ಕಾರ್ಡ್‌ಗೆ ಕೈ ಹೇಗೆ ಕೂರಬೇಕು ಅಂತ ಮೊದಲು ಇಟ್ಟು ನೋಡುತ್ತೇನೆ. ಅದರಿಂದ ಜಿಗೆ ಯಾವ ಬೆರಳು ಅಂತ ತೀರ್ಮಾನ ಆಗುತ್ತೆ. ಆಮೇಲೆ ಒಂದೊಂದೇ ಸ್ವರ ಹಿಂದಕ್ಕೆ ಬಂದು, ಹೆಬ್ಬೆರಳು ಎಲ್ಲಿ ದಾಟಬೇಕು ಅಂತ ಗುರುತು ಹಾಕುತ್ತೇನೆ. ಮೊದಲ ಸ್ವರದಿಂದ ಶುರು ಮಾಡಿದರೆ ಆರಂಭ ಚೆನ್ನಾಗಿರುತ್ತೆ, ಕೊನೆಗೆ ಬಂದಾಗ ಬೆರಳೇ ಸಾಲುವುದಿಲ್ಲ.

ನಿಧಾನಕ್ಕೆ ನುಡಿಸಿ ಫಿಂಗರಿಂಗ್ ತೀರ್ಮಾನಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ನಿಧಾನದಲ್ಲಿ ಯಾವ ಬೆರಳು ಹಾಕಿದರೂ ನಡೆಯುತ್ತೆ. ಹೆಬ್ಬೆರಳನ್ನು ಅಂಗೈ ಕೆಳಗೆ ತೂರಿಸಲು ಸಮಯ ಇರುತ್ತೆ. ವೇಗ ಹೆಚ್ಚಾದಾಗ ಆ ಸಮಯ ಇರುವುದಿಲ್ಲ, ಇಡೀ ಕೈಯೇ ಪಕ್ಕಕ್ಕೆ ಜರುಗುತ್ತೆ. ಅದಕ್ಕೆ ನಾಲ್ಕೈದು ಸ್ವರಗಳನ್ನು ಮಾತ್ರ ತಗೊಂಡು ಪೂರ್ತಿ ವೇಗದಲ್ಲಿ ನುಡಿಸಿ ನೋಡಿ. ಅಲ್ಲಿ ಸರಿ ಬಂದರೆ ಆಮೇಲೆ ನಿಧಾನಕ್ಕೆ ಅಭ್ಯಾಸ ಮಾಡಿ.

ಹೀಗೆ ಸಿಕ್ಕಿದ್ದನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ನನಗೆ 14 ವರ್ಷ ಇದ್ದಾಗ ಒಂದು ಕಾರ್ಯಕ್ರಮದಲ್ಲಿ ಬಾಖ್ ಅವರ ಸಿ ಮೈನರ್ ಫ್ಯೂಗ್ ನುಡಿಸಿದೆ. ಮೂರು ದನಿಗಳ ಫ್ಯೂಗ್ ಅದು, ಅಂದರೆ ಒಂದೇ ಎಳೆಯನ್ನು ಮೂರು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುತ್ತವೆ. ಸ್ವರಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ಮನೆಯಲ್ಲಿ ಒಂದು ದಿನ ಒಂದು ಬೆರಳು, ಇನ್ನೊಂದು ದಿನ ಇನ್ನೊಂದು. ವೇದಿಕೆ ಮೇಲೆ ಅರ್ಧದಲ್ಲಿ ಬಲಗೈ ಹೆಬ್ಬೆರಳು ಅಭ್ಯಾಸ ಇಲ್ಲದ ಕಡೆ ಹೋಯಿತು. ಮುಂದಿನ ಸ್ವರ ತಲೆಯಲ್ಲಿತ್ತು, ಅದಕ್ಕೆ ಬೆರಳು ಇರಲಿಲ್ಲ. ಕೈ ನಿಂತೇಬಿಟ್ಟಿತು. ಆ ಮೌನ ಇನ್ನೂ ನೆನಪಿದೆ. ಅವತ್ತಿನಿಂದ ಬರೆಯದೆ ಏನನ್ನೂ ಕಲಿತಿಲ್ಲ. ಎಲ್ಲ ಸ್ವರಕ್ಕೂ ಬರೆದರೆ ಪುಟ ಓದಲಾಗದು. ಕೈ ಜಾಗ ಬದಲಾಯಿಸುವ ಕಡೆ ಮಾತ್ರ ಸಾಕು.

ಉಂಗುರ ಬೆರಳು ದುರ್ಬಲ ಅಂತಲೂ ಬರೆದಿದ್ದೀರಿ. ನಡುಬೆರಳನ್ನು ಮಡಚಿ ಕೈಯನ್ನು ಮೇಜಿನ ಮೇಲಿಡಿ, ಈಗ ಉಂಗುರ ಬೆರಳನ್ನು ಎತ್ತಿ ನೋಡಿ. ಏಳುವುದೇ ಇಲ್ಲ, ಅಲ್ವಾ? ಬೆರಳನ್ನು ಎತ್ತುವ ಸ್ನಾಯುರಜ್ಜುಗಳು ಅಂಗೈ ಹಿಂಭಾಗದಲ್ಲಿ ಅಕ್ಕಪಕ್ಕದವುಗಳ ಜೊತೆ ಬೆಸೆದುಕೊಂಡಿವೆ. ಎಲ್ಲರ ಕೈಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಎತ್ತಿ ಎತ್ತಿ ಬಲ ಬರಿಸಲು ಹೋಗಬೇಡಿ. ಮುಂದೋಳನ್ನು ಆ ಬೆರಳಿನ ಕಡೆಗೆ ಸ್ವಲ್ಪ ಹೊರಳಿಸಿ, ಕೈಯ ಭಾರವನ್ನು ಅದಕ್ಕೆ ಕೊಡಿ. ನೋವು ಬಂದರೆ ಅಲ್ಲೇ ನಿಲ್ಲಿಸಿ.

ಈಗ ನಿಮ್ಮ ಆರ್ಕೆಸ್ಟ್ರಾ ತುಣುಕಿಗೆ ಬರೋಣ. ಸ್ಕೋರ್‌ನಲ್ಲಿ (ಎಲ್ಲ ವಾದ್ಯಗಳ ಸ್ವರಗಳನ್ನು ಒಟ್ಟಿಗೆ ಬರೆದಿರುವ ಪುಟ) ಇಪ್ಪತ್ತು ಸಾಲು ಕಂಡು ಹೆದರಬೇಡಿ. ಒಂದು ಕಾರ್ಡ್ ತಗೊಂಡು ಸ್ವರಗಳನ್ನು ಎಣಿಸಿ. ಹೆಚ್ಚಿನ ಸಲ ಬೇರೆ ಬೇರೆ ಸ್ವರಗಳು ಮೂರೋ ನಾಲ್ಕೋ ಇರುತ್ತವೆ. ಉಳಿದದ್ದೆಲ್ಲ ಅವುಗಳದ್ದೇ ಪುನರಾವರ್ತನೆ. ಮೊದಲು ಮೆಲೊಡಿ ಬರೆಯಿರಿ. ಆಮೇಲೆ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ. ಮಧ್ಯದ ಸ್ವರಗಳಲ್ಲಿ ಇನ್ನೂ ಖಾಲಿ ಇರುವ ಬೆರಳುಗಳಿಗೆ ಸಿಗುವಷ್ಟನ್ನೇ ಇಟ್ಟುಕೊಳ್ಳಿ. ಮಧ್ಯದ ಸಿಗಿಂತ ಒಂದು ಆಕ್ಟೇವ್ ಕೆಳಗಿಳಿದ ಮೇಲೆ ಹತ್ತಿರ ಹತ್ತಿರದ ಸ್ವರಗಳನ್ನು ಒಟ್ಟಿಗೆ ಒತ್ತಬೇಡಿ, ದನಿ ಮಸುಕಾಗುತ್ತೆ. ಅಲ್ಲಿ ಆಕ್ಟೇವ್ ಅಥವಾ ಫಿಫ್ತ್ (ಐದನೆಯ ಸ್ವರ, ಸಿಯಿಂದ ಎಣಿಸಿದರೆ ಜಿ) ಇಟ್ಟು ಥರ್ಡ್ (ಮೂರನೆಯದು, ಇ) ಅನ್ನು ಮೇಲಕ್ಕೆ ತನ್ನಿ. ಇನ್ನೊಂದು ವಿಷಯ: ವಯೊಲಿನ್ ಒಂದು ಸ್ವರವನ್ನು ಹಿಡಿದು ದೊಡ್ಡದು ಮಾಡುತ್ತಾ ಹೋಗಬಹುದು. ಪಿಯಾನೊ ಸ್ವರ ಹುಟ್ಟಿದ ಕ್ಷಣದಿಂದಲೇ ಇಳಿಯುತ್ತೆ. ಹಾಗಾಗಿ ಅಂಥ ಕಡೆ ಆ ಸ್ವರವನ್ನು ಮತ್ತೆ ನುಡಿಸಬೇಕು, ಇಲ್ಲವೇ ಅದರ ಕೆಳಗಿನ ಕಾರ್ಡ್ ಅನ್ನು ಬಿಡಿಸಿ ಹರಿಸುತ್ತಾ ದನಿ ಏರಿಸಬೇಕು.

ಎಲ್ಲ ಸ್ವರ ಹಿಡಿಯದಿದ್ದರೆ ಮೂಲಕ್ಕೆ ಮೋಸ ಅಂತ ಬೇಸರ ಮಾಡಿಕೊಂಡಿದ್ದೀರಿ. ಬಾಖ್ ಒಂಟಿ ವಯೊಲಿನ್‌ಗೆ ಬರೆದ ‘ಶಕೋನ್’ ಅನ್ನುವ ಕೃತಿಯನ್ನು ಇಬ್ಬರು ಸಂಯೋಜಕರು ಪಿಯಾನೊಗೆ ತಂದದ್ದನ್ನು ಕೇಳಿ ನೋಡಿ. ಬುಸೋನಿ ಎರಡೂ ಕೈಗಳಿಂದ ಕೀಬೋರ್ಡನ್ನೇ ತುಂಬಿಸಿದರು. ಬ್ರಾಮ್ಸ್ 1877ರಲ್ಲಿ ಅದನ್ನು ಎಡಗೈ ಒಂದಕ್ಕೇ ಹೊಂದಿಸಿದರು. ಒಂದೇ ಕೈಯಲ್ಲಿ ನುಡಿಸುವಾಗ ತಾವೇ ವಯೊಲಿನ್ ವಾದಕ ಅನಿಸುತ್ತದೆ ಅನ್ನುವ ಹಾಗೆ ಪಿಯಾನೊ ವಾದಕಿ ಕ್ಲಾರಾ ಶೂಮನ್‌ಗೆ ಬರೆದಿದ್ದರು. ವಯೊಲಿನ್‌ಗೆ ಇರುವ ಕಷ್ಟವನ್ನು ಪಿಯಾನೊದಲ್ಲೂ ಉಳಿಸಿಕೊಂಡರು ಅವರು. ನನಗೆ ಬ್ರಾಮ್ಸ್ ಅವರದ್ದೇ ಹೆಚ್ಚು ಇಷ್ಟ. ಕಡಿಮೆ ಸ್ವರ, ಆದರೂ ಏನೂ ಕಡಿಮೆ ಅನಿಸುವುದಿಲ್ಲ. ಇದನ್ನೇ ತಿರುಗಿಸಿ, ಪಿಯಾನೊದಿಂದ ಆರ್ಕೆಸ್ಟ್ರಾಗೆ ಹೋಗುವುದನ್ನು ನೋಡಿ ಕಲಿಯಬೇಕು ಅಂದರೆ ಮುಸೋರ್ಗ್‌ಸ್ಕಿ 1874ರಲ್ಲಿ ಪಿಯಾನೊಗೆ ಬರೆದ ‘ಪಿಕ್ಚರ್ಸ್ ಅಟ್ ಆ್ಯನ್ ಎಕ್ಸಿಬಿಷನ್’ ಮತ್ತು ರಾವೆಲ್ 1922ರಲ್ಲಿ ಆರ್ಕೆಸ್ಟ್ರಾಗೆ ತಂದ ಅದೇ ಕೃತಿ, ಎರಡರ ಸ್ಕೋರ್ ಪಕ್ಕಪಕ್ಕ ಇಟ್ಟು ಓದಿ. ಪಿಯಾನೊದ ಯಾವ ಸ್ವರ ಯಾವ ವಾದ್ಯಕ್ಕೆ ಹೋಯಿತು ಅಂತ ಹುಡುಕುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ಕೊನೆಗೆ ನಿಮ್ಮ ಆ ಸಿ, ಜಿ, ಇ ಕಾರ್ಡ್. ಕೆಳಗಿನ ಸಿಯಿಂದ ಮೇಲಿನ ಇಗೆ ಹತ್ತು ಬಿಳಿ ಕೀ. ಎಡಗೈಯಲ್ಲಿ ಸಿ ಮತ್ತು ಜಿ ಮಾತ್ರ ಇಟ್ಟುಕೊಳ್ಳಿ. ಇ ಅನ್ನು ಬಲಗೈ ಹೆಬ್ಬೆರಳಿಗೆ ಕೊಡಿ. ಆ ಜಾಗದಲ್ಲಿ ಮೆಲೊಡಿ ಇಯಿಂದ ಒಂದು ಆಕ್ಟೇವ್ ಒಳಗಿದ್ದರೆ ಸಲೀಸಾಗಿ ಸಿಗುತ್ತೆ. ಮೆಲೊಡಿ ಇನ್ನೂ ಮೇಲಿದ್ದರೆ ಎಡಗೈಯ ಕಾರ್ಡ್ ಅನ್ನೇ ಬಿಡಿಸಿ: ಸಿ, ಜಿ, ಇ, ಒಂದಾದ ಮೇಲೊಂದು. ಆಗ ಪೆಡಲ್ (ಬೆರಳು ಬಿಟ್ಟರೂ ಸ್ವರವನ್ನು ಹಿಡಿದಿಡಲು ಕಾಲಿನಿಂದ ಒತ್ತುವುದು) ಕಡೆ ಗಮನ ಇರಲಿ. ಸಿ ನುಡಿದ ಕೂಡಲೇ, ಬೆರಳು ಅದರ ಮೇಲಿರುವಾಗಲೇ ಪೆಡಲ್ ಬದಲಾಯಿಸಿ, ಅಂದರೆ ಬಿಟ್ಟು ಮತ್ತೆ ಒತ್ತಿ. ಇ ಮುಟ್ಟಿದ ಮೇಲೆ ಬದಲಾಯಿಸಿದರೆ ಕೈ ಆಗಲೇ ಸಿಯನ್ನು ಬಿಟ್ಟಿರುತ್ತೆ, ಬೇಸ್ ಮಾಯವಾಗುತ್ತೆ. ಈ ಎರಡು ದಾರಿಗಳನ್ನೂ (ಬಾರ್ ಅಂದರೆ ಎರಡು ನಿಂತ ಗೆರೆಗಳ ನಡುವಿನ ಸ್ವರಗಳು) ಹಿಂದಿನ ಬಾರ್‌ನಿಂದ ಶುರುಮಾಡಿ ಮುಂದಿನ ಬಾರ್‌ವರೆಗೆ ನುಡಿಸಿ ನೋಡಿ. ಕೈ ಮುಂದಕ್ಕೆ ಸುಲಭವಾಗಿ ಯಾವುದರಿಂದ ಹೋಗುತ್ತದೋ ಅದನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.