ನಡಿಗೆಯ ಫಲ ಗಂಡಿಗೊಂದು, ಹೆಣ್ಣಿಗೊಂದೇ?

ಪ್ರಶ್ನೆ: ನನಗೆ 61 ವರ್ಷ, ಪತಿಗೆ 66. ಅವರು ದಿನವೂ ಬೆಳಿಗ್ಗೆ ಮಾವಿನಕೆರೆಯ ಕಡೆಗೆ ನಡೆದುಬರುತ್ತಾರೆ. ರೊಟ್ಟಿ ಬಡಿಯುವುದು, ನಳದ ನೀರು ತುಂಬುವುದು, ಕಸಮುಸುರೆ ಎಂದು ನಾನು ನಸುಕಿನಿಂದಲೇ ದುಡಿಯುವುದರಿಂದ ನನಗೆ ಬೇರೆ ವ್ಯಾಯಾಮ ಬೇಕಿಲ್ಲ ಎನ್ನುತ್ತಾರೆ. ಇತ್ತೀಚೆಗೆ ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೇನೆ. ವ್ಯಾಯಾಮದಿಂದ ನೆನಪಿಗೆ ಆಗುವ ಲಾಭ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯೇ?
– ಓದುಗರು, ರಾಯಚೂರು

ಉತ್ತರ: ಲಾಭ ಇಬ್ಬರಿಗೂ ಇದೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 120 ಹಿರಿಯರ ಪೈಕಿ ಒಂದು ಗುಂಪಿನವರು ವಾರಕ್ಕೆ ಮೂರು ದಿನದಂತೆ ಒಂದು ವರ್ಷ ನಡೆದರು. ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ ಅವರಲ್ಲಿ ಸುಮಾರು ಶೇ 2ರಷ್ಟು ಹಿಗ್ಗಿತು; ಕೈಕಾಲು ಚಾಚುವ ಸರಳ ವ್ಯಾಯಾಮವನ್ನಷ್ಟೇ ಮಾಡಿದವರಲ್ಲಿ ಶೇ 1.4ರಷ್ಟು ಕುಗ್ಗಿತು.

ವ್ಯತ್ಯಾಸ ಕಾಣುವುದು ಇನ್ನೊಂದು ಕಡೆ. ಇಂಥ ಹಲವು ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ ಕೆನಡಾದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಹೆಂಗಸರು ಹೆಚ್ಚಾಗಿದ್ದ ಪ್ರಯೋಗಗಳಲ್ಲಿ ಗಮನವನ್ನು ಹಿಡಿದಿಡುವ, ಎರಡು ಕೆಲಸಗಳ ನಡುವೆ ಎಳೆ ತಪ್ಪದೆ ಓಡಾಡುವ ಸಾಮರ್ಥ್ಯಕ್ಕೆ ದೊರೆತ ಲಾಭವೇ ದೊಡ್ಡದು. ನಿಮ್ಮ ಹಾಲಿನ ವಿಷಯಕ್ಕೆ ಇದು ನೇರವಾಗಿ ಸಂಬಂಧಿಸಿದ್ದೆಂದು ನನಗೆ ತೋರುತ್ತದೆ. ಹಾಲಿಟ್ಟ ಸಂಗತಿ ನಿಮ್ಮ ತಲೆಯಿಂದ ಅಳಿಸಿಹೋಗಿರುವುದಿಲ್ಲ. ಅಷ್ಟರಲ್ಲಿ ನಳಕ್ಕೆ ನೀರು ಬಂದಿರುತ್ತದೆ, ಕೊಡ ಇಡಲು ಹೋದ ಮನಸ್ಸು ಒಲೆಯ ಕಡೆಗೆ ಮರಳಿರುವುದಿಲ್ಲ. 2010ರಲ್ಲಿ, ಸೌಮ್ಯ ಮರೆವಿದ್ದ 33 ಜನರ ಪ್ರಯೋಗವೊಂದರಲ್ಲಿ ಆರು ತಿಂಗಳ ಬಿರುಸಾದ ವ್ಯಾಯಾಮದ ಬಳಿಕ ಹೆಂಗಸರು ಇಂಥ ಹಲವು ಪರೀಕ್ಷೆಗಳಲ್ಲಿ ಸುಧಾರಿಸಿದರೆ, ಗಂಡಸರು ಒಂದರಲ್ಲಿ ಮಾತ್ರ ಸುಧಾರಿಸಿದರು. ಅದು ಚಿಕ್ಕ ಪ್ರಯೋಗ, ಅದೊಂದನ್ನೇ ನಂಬಿ ತೀರ್ಪು ಕೊಡಲಾಗದು. ಆದರೂ ಮೆದುಳಿನ ಕೋಶಗಳನ್ನು ಪೋಷಿಸುವ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನಿಗೂ ಈಸ್ಟ್ರೋಜನ್ ಹಾರ್ಮೋನಿಗೂ ನಂಟಿದೆ; ಮುಟ್ಟು ನಿಂತ ಮೇಲೆ ಆ ಹಾರ್ಮೋನು ಇಳಿದುಹೋಗುವುದರಿಂದ, ವ್ಯಾಯಾಮದ ಆಸರೆ ನಿಮ್ಮ ವಯಸ್ಸಿನ ಹೆಂಗಸರಿಗೆ ಬೇಡವೆನ್ನಲು ಯಾವ ಆಧಾರವೂ ಇಲ್ಲ.

ಮನೆಗೆಲಸವೂ ದುಡಿಮೆಯೇ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಕುಳಿತು ರೊಟ್ಟಿ ಬಡಿಯುವಾಗ ತೋಳು ಸೋಲುತ್ತದೆಯೇ ಹೊರತು ಉಸಿರು ಏರುವುದಿಲ್ಲ. ಪ್ರಯೋಗಗಳಲ್ಲಿ ಫಲ ಕೊಟ್ಟದ್ದು, ಉಸಿರು ತುಸು ಏರುವಂತೆ ತಡೆಯಿಲ್ಲದೆ ನಡೆದ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲೆ ಹೇಳಿದ ಹಿರಿಯರೂ 10 ನಿಮಿಷದಿಂದ ಆರಂಭಿಸಿ, ವಾರವಾರವೂ ಹೆಚ್ಚಿಸುತ್ತ 40 ನಿಮಿಷ ಮುಟ್ಟಿದರು. ನಮ್ಮ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ ಸೂರ್ಯ ಏರುವ ಮೊದಲೇ ಮುಗಿಸಿಕೊಳ್ಳಿ.

ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಪರಿಚಿತ ಓಣಿಯಲ್ಲಿ ದಾರಿ ತಪ್ಪುವುದು ಕಂಡುಬಂದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಥೈರಾಯ್ಡ್ ಮತ್ತು ಬಿ12 ಕೊರತೆಯಿಂದಲೂ ಮರೆವು ಬರುತ್ತದೆ. ಸದ್ಯಕ್ಕೆ ನಾಳೆಯಿಂದಲೇ ಮಾವಿನಕೆರೆಗೆ ನೀವೂ ಹೊರಡಿ, ಮರಳಿದ ಮೇಲೆ ನಳದ ನೀರನ್ನು ನಿಮ್ಮ ಪತಿ ತುಂಬಲಿ.