ಚೀಲದೊಳಗಿನ ಅಡಿಕೆಗೆ ಸಹಿ ಸಾಕ್ಷಿಯಲ್ಲ

ನಮಸ್ಕಾರ,

ಶಿರಸಿಯಿಂದ ನೀವು ಕಳಿಸಿದ ‘ಆನ್‌ಲೈನ್ ವ್ಯಾಪಾರದ ಜಗಳಕ್ಕೆ ಡಿಜಿಟಲ್ ಸಹಿಯೇ ಮದ್ದು’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ನಮ್ಮ ಜಿಲ್ಲೆಯ ಬೆಳೆಗಾರರಿಗೆ ಇದು ಬೇಕೇಬೇಕಾದ ವಿಷಯ.

ಮೊದಲ ಎರಡು ಪುಟ ಇಂಟರ್‌ನೆಟ್ಟಿನ ಚರಿತ್ರೆ. ತೆಗೆದುಬಿಡಿ. ಲೇಖನ ಇರುವುದು ಮೂರನೇ ಪುಟದ ನಿಮ್ಮ ದೊಡ್ಡಪ್ಪನ ಕತೆಯಲ್ಲಿ. ಅವರು ಚಾಲಿ ಅಡಿಕೆ ಕಳಿಸಿದರು, ಕೊಂಡವರು “ನಾವು ಕೇಳಿದ್ದು ರಾಶಿ” ಅಂದರು. ಚಾಲಿ ಬಿಳಿ, ರಾಶಿ ಕೆಂಪು, ದರವೂ ಬೇರೆ. ಆರ್ಡರ್ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತೋ, ಇಮೇಲ್‌ನಲ್ಲೋ? ಯಾರ ಹತ್ತಿರ ಯಾವ ಪ್ರತಿ ಇತ್ತು? ಕೇಳಿ ಬರೆಯಿರಿ.

ಈಗ ದೊಡ್ಡ ತಪ್ಪು. “ಡಿಜಿಟಲ್ ಸಹಿ ಇದ್ದರೆ ಸತ್ಯ ತಾನಾಗಿ ಹೊರಬರುತ್ತದೆ” ಎಂದಿದ್ದೀರಿ. ಹಾಗಲ್ಲ. ಸಹಿಯಿಂದ ಗೊತ್ತಾಗುವುದು ಎರಡೇ: ಈ ಆರ್ಡರ್‌ಗೆ ಇಂಥ ಕೀಯಿಂದ (ಸಹಿ ಹಾಕುವವರ ಹತ್ತಿರ ಮಾತ್ರ ಇರಬೇಕಾದ ಗುಟ್ಟಿನ ಸಂಖ್ಯೆ) ಸಹಿ ಬಿದ್ದಿದೆ, ಆಮೇಲೆ ಒಂದಕ್ಷರವೂ ಬದಲಾಗಿಲ್ಲ. ‘ಚಾಲಿ’ಯನ್ನು ‘ರಾಶಿ’ ಅಂತ ತಿದ್ದಿದರೆ ಹ್ಯಾಶ್, ಅಂದರೆ ಬರಹದಿಂದ ಲೆಕ್ಕ ಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆ, ಪೂರ್ತಿ ಬೇರೆಯಾಗುತ್ತದೆ, ಸಹಿ ತಾಳೆಯಾಗುವುದಿಲ್ಲ. ಕೊಂಡವರ ಸಹಿ ಇದ್ದಿದ್ದರೆ ದೊಡ್ಡಪ್ಪನ ಜಗಳಕ್ಕೆ ಇಷ್ಟು ಸಾಕಿತ್ತು. ಆದರೆ ಕೊಂಡವರು “ಅಡಿಕೆಗೆ ಬೂಷ್ಟು ಹಿಡಿದಿತ್ತು” ಅಂದಿದ್ದರೆ? ಆಗ ತೂಕದ ಚೀಟಿ, ಲಾರಿ ರಸೀದಿ, ಮಾಲು ಇಳಿಸುವಾಗ ನಿಂತು ನೋಡಿದವರ ಮಾತು ಬೇಕು. ಗಣಿತ ಅಲ್ಲಿಗೆ ಬರುವುದಿಲ್ಲ.

ಕೀ ಯಾರ ಕೈಯಲ್ಲಿತ್ತು ಅನ್ನುವುದನ್ನಂತೂ ನೀವು ಮುಟ್ಟಿಯೇ ಇಲ್ಲ. ಎಷ್ಟೋ ವ್ಯಾಪಾರಿಗಳ ಡಾಂಗಲ್ (ಕೀ ಇಟ್ಟಿರುವ ಯುಎಸ್‌ಬಿ ಕಡ್ಡಿ) ಆಡಿಟರ ಮೇಜಿನ ಡ್ರಾಯರ್‌ನಲ್ಲಿ ಇರುತ್ತದೆ, ಪಿನ್ ಅದರ ಮೇಲೇ ಚೀಟಿ ಬರೆದು ಅಂಟಿಸಿರುತ್ತದೆ, ಅಲ್ವಾ? 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಪ್ರಕಾರ, ಗುಟ್ಟಿನ ಕೀಯನ್ನು ಜೋಪಾನ ಮಾಡುವ ಹೊಣೆ ಅದರ ಒಡೆಯನದ್ದೇ. “ನಾನು ಸಹಿ ಹಾಕಿಲ್ಲ” ಅನ್ನುವವರ ಜಗಳ ಶುರುವಾಗುವುದೂ ಇಲ್ಲೇ. ಇದಕ್ಕೆ ಒಂದಿಡೀ ಪುಟ ಕೊಡಿ.

ಕಂಪ್ಯೂಟರ್, ಫೋನಿನ ದಾಖಲೆಯನ್ನು ಕೋರ್ಟು ಸಾಕ್ಷಿಯಾಗಿ ಒಪ್ಪುವುದಕ್ಕೆ ನೀವು ಹೇಳುವ 65ಬಿ ಕಲಂ ಹಳೆಯ ಸಾಕ್ಷ್ಯ ಕಾಯ್ದೆಯದ್ದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ, ಈಗ ನೋಡಬೇಕಾದ್ದು ಅದರ 63ನೇ ಕಲಂ. ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯುವುದಕ್ಕೆ ಜಾಗವೇ ಇದೆ. ಸುಮ್ನೆ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಸಾಕು ಅನ್ನುವ ನಿಮ್ಮ ಸಾಲನ್ನು ಹೊಡೆದುಹಾಕಿ. ಅದನ್ನು ನಂಬಿ ಯಾರಾದರೂ ಮೂಲ ಫೈಲ್ ಅಳಿಸಿದರೆ ನಷ್ಟ ಅವರಿಗೆ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ.